ಪರದೆಗೆ ಹಚ್ಚಿದ ಬೆಂಕಿ

ಕಂಪ್ಯೂಟರಿಗೂ ಮಿಕ್ಸರಿಗೂ ಒಂದೇ ಹೂವಿನ ಬಟ್ಟೆಯಲ್ಲಿ ಗವಸು ಹೊಲಿಸುತ್ತಿದ್ದ ದಿನಗಳವು. ನಿಗಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಂಪ್ಯೂಟರಿಗೆ ದೇವರ ಕಪಾಟಿನ ಪಕ್ಕದಲ್ಲೇ ಪೀಠ. ಅದು ಬಿಸಿಯಾದರೆ ಸುಟ್ಟ ಧೂಳಿನ ವಾಸನೆ, ಅದರೊಳಗೆ ಅಡುಗೆಮನೆಯ ಒಗ್ಗರಣೆಯ ಘಾಟು. ನನಗಾಗ ಹದಿನಾಲ್ಕು. ಆ ಮಳೆಗಾಲವಿಡೀ ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಅದರ ಪರದೆಯನ್ನು ಅಲಂಕರಿಸುವ ಮಹಾಕಾರ್ಯದಲ್ಲಿ ಕಳೆದೆ.

ಸೈಬರ್ ಕೆಫೆಯಲ್ಲಿ ಕಂಡ ಆಜ್ಞೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು, ಮಂತ್ರದಂತೆ ಒಂದಕ್ಷರ ತಪ್ಪದೆ ಟೈಪಿಸುತ್ತಿದ್ದೆ. ಮೂರು ಸಲ ಪರದೆ ಕಪ್ಪಾಯಿತು. ನಾಲ್ಕನೆಯ ಸಲ ಸಿದ್ಧಿಸಿತು. ಪರದೆ ಚೌಕದ ಪೆಟ್ಟಿಗೆಯಾಗಿ ಗರಗರ ತಿರುಗಿತು. ಎಳೆದ ವಿಂಡೋ ಜೆಲ್ಲಿಯಂತೆ ತುಳುಕಿತು. ಕಾರಕೂನರಾಗಿದ್ದ ಅಪ್ಪ ರಜೆಯ ಅರ್ಜಿ ಟೈಪ್ ಮಾಡಲು ಕುಳಿತವರು ಎರಡು ನಿಮಿಷ ನೋಡಿದರು.

"ಕಾಗದ ಯಾಕ ಹಿಂಗ ಜೋಲಿ ಹೊಡೀತದ? ಕುಡದದ ಏನು?"

ಪೆನ್ನು ತೆಗೆದುಕೊಂಡು ಕೈಯಲ್ಲೇ ಬರೆದರು. ನಾನು ಎದೆಗುಂದಲಿಲ್ಲ. ಮುಚ್ಚಿದ ವಿಂಡೋ ಪರದೆಯ ಮೇಲೇ ಬೆಂಕಿ ಹತ್ತಿ ಉರಿದುಹೋದಂತೆ ಕಾಣುವ ಏರ್ಪಾಟನ್ನೂ ಮಾಡಿದೆ.

ಅದೇ ದಿನಗಳಲ್ಲಿ ಅಜ್ಜಿಯ ತಂಗಿ ಗಂಗೂ ಇಂದಾಪುರದಲ್ಲಿ ತೀರಿಕೊಂಡಳು. ಚಿಕೂನ್‌ಗುನ್ಯಾ ಬಂದು ಕೀಲು ಹಿಡಿದು ನಮ್ಮ ಮನೆಯಲ್ಲೇ ಮಲಗಿದ್ದ ಅಜ್ಜಿಗೆ ಹೋಗಲಾಗಲಿಲ್ಲ. ಮುಖ ನೋಡಲಿಲ್ಲ, ಸುಡುವಾಗ ಹತ್ತಿರ ಇರಲಿಲ್ಲ ಎಂಬುದೊಂದೇ ಮಾತು ಅವಳ ಬಾಯಲ್ಲಿ. ಕರ್ಮಗಳೆಲ್ಲ ಮುಗಿದ ಮೇಲೆ ಗಂಗೂ ಅಜ್ಜಿಯ ಮಗ, ನನಗೆ ಕಾಕಾ, ಒಂದು ಸೀಡಿ ತಂದರು. ಅದರಲ್ಲಿ ಹಿಂದಿನ ದೀಪಾವಳಿಯ ಫೋಟೋ: ಚಕ್ಕುಲಿ ಒರಳು ಹಿಡಿದು ನಗುತ್ತಿರುವ ಗಂಗೂ ಅಜ್ಜಿ.

ಅಜ್ಜಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತು ಬಹಳ ಹೊತ್ತು ನೋಡಿದಳು.

"ಹಲ್ಲು ಕಟ್ಟಿಸ್ಕೊಂಡಾಳ ನೋಡು. ನನಗ ಹೇಳೇ ಇಲ್ಲ."

ಆಮೇಲೆ ಸಾಕು ಎಂಬಂತೆ ಕೈ ಮಾಡಿದಳು.

ಬೆಂಕಿಯ ವಿಷಯ ಮರೆತಿದ್ದೆ ಎಂದು ಬರೆದರೆ ನನಗೆ ಅನುಕೂಲ. ಮರೆತಿರಲಿಲ್ಲ. ಕಾಕಾ ಬೆರಗಾಗಲಿ ಎಂದೇ ಮುಚ್ಚುವ ಗುಂಡಿ ಒತ್ತಿದೆ. ಜ್ವಾಲೆ ಎದ್ದು ಸೀರೆ, ಒರಳು, ಆ ಹೊಸ ಹಲ್ಲು ಎಲ್ಲವನ್ನೂ ಒಂದೇ ಕ್ಷಣದಲ್ಲಿ ನುಂಗಿತು.

ಕಾಕಾ ಮುಖ ತಿರುಗಿಸಿ ಬಾಗಿಲ ಕಡೆ ನೋಡಿದರು. ಅಜ್ಜಿ ಮಾತ್ರ ಮೆಲ್ಲಗೆ ಮೊಣಕಾಲು ಹಿಡಿದುಕೊಂಡು ಎದ್ದಳು.

"ಆತಲ್ಲಪಾ, ನನ್ನ ಕಣ್ಣ ಮುಂದನ ಆತು. ನೀರು ಕಾಸು, ತಲಿಮ್ಯಾಲ ಹಾಕ್ಕೋಬೇಕು."

ಸ್ಮಶಾನದಿಂದ ಬಂದವರು ಮಾಡುವ ಸ್ನಾನ ಅದು. ನೀರು ಕಾಸಿ ಕೊಟ್ಟವನು ನಾನೇ. ಬಚ್ಚಲಿನಿಂದ ತಂಬಿಗೆಯ ಸದ್ದು ಕೇಳುತ್ತಿದ್ದಂತೆ ಅಲಂಕಾರಗಳನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿದೆ.

ಇಂದಿಗೂ ನನ್ನ ಪರದೆ ಕಚೇರಿಯ ಗೋಡೆಯಷ್ಟು ಬೂದು. ಸತ್ತವರ ಫೋಟೋಗಳು ಬೆಳಬೆಳಿಗ್ಗೆ ಫೋನಿಗೇ ಬರುತ್ತವೆ. ಚಹಾ ಕುಡಿಯುತ್ತ, ಕೈಮುಗಿದ ಪುಟ್ಟ ಚಿತ್ರವೊಂದನ್ನು ಒತ್ತಿ, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತೇನೆ. ಪರದೆಯ ಮೇಲೆ ಕಂಡದ್ದಕ್ಕೆ ಎದ್ದುಹೋಗಿ ಸ್ನಾನ ಮಾಡಿದವರು ನಮ್ಮ ಮನೆಯಲ್ಲಿ ಅಜ್ಜಿಯೇ ಕೊನೆ. ನಾನು ಕೈ ಕೂಡ ತೊಳೆಯುವುದಿಲ್ಲ.