ಬೋರಲು ಮಲಗಿದವರು

ಕೊರೋನಾದ ಎರಡನೇ ಅಲೆ ಎನ್ನುತ್ತಾರಲ್ಲ, ಆ ಬೇಸಿಗೆಯಲ್ಲಿ ಶಿರಾದ ನಮ್ಮ ಬಾಡಿಗೆ ಮನೆಯಲ್ಲಿ ನನಗೂ ನನ್ನ ತಂಗಿಗೂ ಒಟ್ಟಿಗೇ ಜ್ವರ ಬಂತು. ಇಬ್ಬರದೂ ಟೆಸ್ಟ್ ಪಾಸಿಟಿವ್. ಎಲ್ಲರೂ ಮರುಗಿದ್ದು ಮಾತ್ರ ನನಗಾಗಿ. ನಾನು ರಿಟೈರ್ಡ್ ಕಾನ್ವೆಂಟ್ ಟೀಚರ್, ಹುಟ್ಟಾ ಕಡ್ಡಿ. ನಾನು ಹಾಸ್ಟೆಲಿನಲ್ಲಿ ಊಟದ ಮುಂಚಿನ ಪ್ರಾರ್ಥನೆ, ಗ್ರೇಸ್, ಹೇಳಿ ಎರಡು ಸ್ಲೈಸ್ ಬ್ರೆಡ್ ತಿನ್ನುತ್ತಿದ್ದ ಕಾಲಕ್ಕೆ ತಂಗಿ ನಮ್ಮೂರು ಹುಲಿಕುಂಟೆಯಲ್ಲಿ ಅಜ್ಜಿಯ ಕೈತುತ್ತು ತಿಂದು ಬೆಳೆದಳು. ಅವಳ ಮೈಕಟ್ಟು ನಮ್ಮವರಿಗೆಲ್ಲ ಹೆಮ್ಮೆ. ಮದುವೆಯಾದ ಮೇಲೆ ತವರಿಗೆ ಬಂದಾಗಲೆಲ್ಲ ಅಮ್ಮ ಅವಳ ತೋಳು ಹಿಡಿದು ನೋಡುತ್ತಿದ್ದಳು. ತೋಳು ಕೈಗೆ ಸಿಗದಷ್ಟು ತುಂಬಿದ್ದರೆ ಮಗಳು ಸುಖವಾಗಿದ್ದಾಳೆ ಎಂದರ್ಥ. ನನ್ನ ತೋಳು ಹಿಡಿದರೆ ಒಂದು ನಿಟ್ಟುಸಿರು, ಅಷ್ಟೇ.

ಪಕ್ಕದ ಮನೆಯ ಬಟ್ಟೆ ಅಂಗಡಿಯವರ ಹೆಂಡತಿ ಕಾಂಪೌಂಡಿನ ಮೇಲೆ ಗಂಜಿಯ ಡಬ್ಬಿ ಇಟ್ಟು, ದೂರದಿಂದಲೇ ತಂಗಿಗೆ ಹೇಳಿದರು. "ನಿಮಗೇನೂ ಆಗಲ್ಲ ಬಿಡಿ, ಮಾಶಾಅಲ್ಲಾ, ಮೈಯಾಗೆ ತಾಕತ್ತೈತೆ. ಟೀಚರಮ್ಮನ್ನ ನೋಡ್ಕಳಿ. ಫ್ಯಾನ್ ಜೋರಾಗಿ ಹಾಕಿದ್ರೆ ಹಾರೋಗ್ತಾರೆ."

ತಂಗಿ ನಕ್ಕಳು. ಹಾಗೆ ಅವಳು ನರ್ಸ್ ಆದಳು, ನಾನು ಪೇಷೆಂಟ್ ಆದೆ. ಜ್ವರದಲ್ಲೇ ನನಗೆ ರಾಗಿ ಅಂಬಲಿ ಕಾಯಿಸಿದಳು, ಕಷಾಯ ಕುಡಿಸಿದಳು. ಬೆರಳಿಗೆ ಸಿಕ್ಕಿಸಿದರೆ ರಕ್ತದ ಆಕ್ಸಿಜನ್ ತೋರಿಸುವ ಪುಟ್ಟ ಮೆಷಿನ್ನನ್ನು ಹೊತ್ತುಹೊತ್ತಿಗೆ ನನ್ನ ಬೆರಳಿಗೇ ಹಾಕಿದಳು. ನನ್ನ ನಂಬರ್ ಸದಾ ತೊಂಬತ್ತೈದರ ಮೇಲೇ ಇತ್ತು.

ಒಂದು ಮಧ್ಯಾಹ್ನ ಬೀದಿಯಲ್ಲಿ ಒಂದು ಸ್ಕೂಟರಿನ ಸದ್ದೂ ಇರಲಿಲ್ಲ. ತಂಗಿ ನನ್ನ ಮಂಚದ ಬಳಿ ಕೂತು ಏನೋ ತಮಾಷೆ ಹೇಳುತ್ತಿದ್ದಳು. ಪ್ರತಿ ನಾಲ್ಕು ಮಾತಿಗೊಮ್ಮೆ ಅವಳ ದನಿ ಆರಿಹೋಗುತ್ತಿತ್ತು, ಒಳಗೆ ಯಾರೋ ರೇಡಿಯೋ ಆಫ್ ಮಾಡಿ ಮತ್ತೆ ಆನ್ ಮಾಡಿದಂತೆ. ತುಟಿ ನೇರಳೆ ಹಣ್ಣು ತಿಂದಂತಿತ್ತು. ಮುಖದಲ್ಲಿ ಮಾತ್ರ ನಗು ಹಾಗೇ ಇತ್ತು. ಮೆಷಿನ್ ತೆಗೆದು ಅವಳ ಬೆರಳಿಗೆ ಹಾಕಿದೆ. ನಂಬರ್ ಎಂಬತ್ತರ ಕೆಳಗೆ ಬಂತು.

"ಇದು ಕೆಟ್ಟೋಗೈತೆ," ಎಂದೆ, ನನ್ನ ಕಾನ್ವೆಂಟ್ ಭಾಷೆ ಮರೆತು.

"ಕೆಟ್ಟಿಲ್ಲ ಕಣಕ್ಕ. ನಂಗೆ ಮೊನ್ನೆಯಿಂದ್ಲೂ ಇಂಗೇ ತೋರಿಸ್ತೈತೆ. ನನ್ ಬೆರಳು ದಪ್ಪ, ಅದ್ರ ಲೈಟು ಒಳೀಕೆ ಹೋಗಕಿಲ್ಲ. ನಿನ್ನಂಗೆ ಕಡ್ಡಿ ಬೆರಳಿರೋರ್ಗೆ ಮಾಡಿರೋದು ಬುಡು."

ಪರಿಚಯದ ಲೇಡಿ ಡಾಕ್ಟರಿಗೆ ಫೋನ್ ಹಚ್ಚಿದೆ. ಬೆರಳಿನ ಕಥೆ ಹೇಳುತ್ತಿದ್ದಂತೆ ಅವರು ನನ್ನನ್ನು ಅಲ್ಲಿಗೇ ತಡೆದರು. "ಬೆರಳಲ್ಲಮ್ಮ, ಅವರಿಗೇ ಉಸಿರು ಸಾಲ್ತಿಲ್ಲ. ದಪ್ಪ ಇರೋರಿಗೆ ಈ ವೈರಸ್ ಜಾಸ್ತಿ ಡೇಂಜರ್. ಹೊಟ್ಟೆ ಭಾರ ಲಂಗ್ಸ್ ಮೇಲೆ ಒತ್ತತ್ತೆ. ಈಗಲೇ ಬೋರಲು ಮಲಗಿಸಿ, ಎದೆ ಕೆಳಗೆ ದಿಂಬು ಕೊಡಿ, ಹೊಟ್ಟೆ ಅದುಮಬಾರದು. ಆಂಬುಲೆನ್ಸ್ ಕಳಿಸ್ತೀನಿ."

ತಂಗಿ ಒಪ್ಪಲಿಲ್ಲ. ಬೋರಲು ಮಲಗಿದರೆ ಮನೆಗೆ ಒಳ್ಳೆಯದಲ್ಲ ಎಂದು ಅಜ್ಜಿ ಚಿಕ್ಕಂದಿನಲ್ಲೇ ಬೆನ್ನಿಗೆ ಬಾರಿಸಿ ಕಲಿಸಿದ್ದಳು. "ಅಂಗೆ ಮಲಗಿದ್ರೆ ಎದ್ದೇಳಕಿಲ್ಲ ಅಕ್ಕ," ಎಂದಳು. ಆಗ ಮೊದಲ ಬಾರಿ ಅವಳ ನಗು ಇಲ್ಲವಾಯಿತು. ನಾನು, ಈ ಕಡ್ಡಿ, ಅವಳನ್ನು ಹೇಗೆ ಹೊರಳಿಸಿದೆನೋ ತಿಳಿಯದು.

ನಾನೂ ಪಾಸಿಟಿವ್ ಆಗಿದ್ದರಿಂದ ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲಿ ನನ್ನನ್ನು ಅವಳ ವಾರ್ಡಿನೊಳಗೆ ಬಿಟ್ಟರು. ಬಾಗಿಲಲ್ಲೇ ನಿಂತುಬಿಟ್ಟೆ. ಸಾಲು ಮಂಚಗಳ ಮೇಲೆ ಎಲ್ಲರೂ ಬೋರಲು ಮಲಗಿದ್ದರು. ಒಂದೂ ಮುಖವಿಲ್ಲ, ಬರೀ ಬೆನ್ನುಗಳು. ಹೆಚ್ಚಿನವು ಅಗಲವಾದ, ತುಂಬಿದ ಬೆನ್ನುಗಳು. ನಮ್ಮ ಸೀಮೆಯ ಅಮ್ಮಂದಿರು ತೋಳು ಹಿಡಿದು ಸಂತೋಷಪಟ್ಟಿದ್ದ ಮೈಗಳೆಲ್ಲ ಅಲ್ಲಿ ಬಂದು ಸೇರಿದಂತಿದ್ದವು. ಅವು ಒಟ್ಟಿಗೆ ಏರುತ್ತಿದ್ದವು, ಇಳಿಯುತ್ತಿದ್ದವು. ಆಕ್ಸಿಜನ್ ಗುಳುಗುಳು ಎನ್ನುತ್ತಿತ್ತು, ನೀರಿನಡಿಯಲ್ಲಿ ಯಾರೋ ಮಾತಾಡಿದಂತೆ. ಅರವತ್ತು ವರ್ಷದಿಂದ ನೋಡಿದ ತಂಗಿಯ ಬೆನ್ನು ಯಾವುದೆಂದು ನನಗೆ ಗುರುತು ಹತ್ತಲಿಲ್ಲ.

ಕಿಟಕಿಯ ಬಳಿಯ ಒಂದು ಬೆನ್ನು ಏರುತ್ತಿರಲಿಲ್ಲ. ನೋಡುತ್ತಲೇ ಇದ್ದೆ. ಅದು ಏರಲೇ ಇಲ್ಲ. ತಂಗಿಯದೇ ಬಣ್ಣದ ನೈಟಿ, ಅವಳಂಥದೇ ಜಡೆ. ಹತ್ತಿರ ಹೋಗಿ ಕೈ ಚಾಚಿದೆ.

"ಅಕ್ಕಾ," ಹಿಂದಿನಿಂದ, ದಿಂಬಿನೊಳಗೆ ಹುದುಗಿದ ದನಿ. "ಅದ್ಯಾರ್ನ ಮುಟ್ತಿದೀಯ? ನಾನಿಲ್ಲಿವ್ನಿ."

ತಿರುಗಿದೆ. ಎರಡು ಮಂಚದಾಚೆ ಮಾಸ್ಕಿನಡಿ ಅವಳ ಒಂದು ಕಣ್ಣು ಕಂಡಿತು. ಓಡಿಹೋಗಿ ಅವಳ ಬೆನ್ನ ಮೇಲೆ ಅಂಗೈ ಇಟ್ಟೆ. ಅದು ಬೆಚ್ಚಗಿತ್ತು, ನನ್ನ ಕೈಯನ್ನು ಎತ್ತಿ ಇಳಿಸಿತು. ಥ್ಯಾಂಕ್ ಗಾಡ್ ಎಂದು ಗಟ್ಟಿಯಾಗಿಯೇ ಅಂದೆ. ಕಿಟಕಿಯ ಬಳಿ ನರ್ಸ್ ಬಂದು ಬಿಳಿ ಬಟ್ಟೆ ಎಳೆಯುತ್ತಿದ್ದರು. ನಾನು ಆ ಕಡೆ ತಿರುಗಲಿಲ್ಲ, ತಂಗಿಯೂ ತಿರುಗದಂತೆ ಅವಳ ತಲೆಯನ್ನು ಮೆಲ್ಲಗೆ ಹಿಡಿದುಕೊಂಡೆ.