ಮುಖಕ್ಕೆ ಹಾಜರಿ

ದೊಡ್ಡ ರೈಟರ ಎರಡು ಕಣ್ಣಿಗೂ ಎಳನೀರಿನ ಗಂಜಿಯಂಥ ಪೊರೆ ಬಂದಿತ್ತು. ಸಂಪಾಜೆ ಕಡೆಯ ಆ ಕಾಫಿ ಎಸ್ಟೇಟಿಗೆ ನಾನು ಲೆಕ್ಕ ಬರೆಯುವ ಸಣ್ಣ ರೈಟರಾಗಿ ಸೇರಿದಾಗಲೂ ಬೆಳಗಿನ ಹಾಜರಿ ಅವರದೇ. ಹೆಸರು ಕೂಗಿದರೆ ಆಳು ಎದುರು ಬಂದು ನಿಲ್ಲಬೇಕು. ಗೇಣು ದೂರದಿಂದ ನೋಡಿದ ಮೇಲೆಯೇ ಅವರು ಪುಸ್ತಕದ ಚೌಕದಲ್ಲಿ ಗೆರೆ ಎಳೆಯುವುದು. “ಸ್ವರಕ್ಕೆ ಹಾಜರಿ ಇಲ್ಲ, ಮುಖಕ್ಕೆ,” ಎನ್ನುವರು. “ರೈಟ್ರಿಗೆ ದಿನಾ ಹೆಣ್ಣು ನೋಡುವ ಶಾಸ್ತ್ರ,” ಎಂದು ಹೆಂಗಸರು ನಗುತ್ತಿದ್ದರು.

ನಾನು ಸೇರುವ ಹಿಂದಿನ ಮಳೆಗಾಲದಲ್ಲಿ ಸಿನಿಮಾದವರು ಬಂದಿದ್ದರಂತೆ. ಮಳೆಗೆ ತಲೆ-ಬೆನ್ನು ಮುಚ್ಚುವ ಎಲೆಯ ಗೊರಬೆ ಹೊದ್ದ ಹನ್ನೆರಡು ಹೆಂಗಸರು ಮಂಜಿನೊಳಗೆ ನಡೆದುಹೋಗಬೇಕಿತ್ತು. ಒಬ್ಬಳು ಕಡಿಮೆಯಾದಳೆಂದು ರೈಟರು ತಮ್ಮ ಹೆಂಡತಿಯನ್ನೇ ಕಳಿಸಿ, ಪುಟದ ಕೊನೆಗೆ ಆಕೆಯ ಹೆಸರು ಬರೆದು, ನಡೆಯುತ್ತಿದ್ದಾಗ ಹಿಂದಿನಿಂದ ಕೂಗಿದರು. ಆಕೆ ತಿರುಗಲಿಲ್ಲ, ತಿರುಗಬೇಡಿ ಎಂದು ಸಿನಿಮಾದವರು ಹೇಳಿದ್ದರು. ಸಂಜೆ ಮನೆಯಲ್ಲಿ ಕಂಡ ಮುಖ ಲೆಕ್ಕಕ್ಕಿಲ್ಲವೆಂದು ರೈಟರು ತಮಾಷೆ ಮಾಡಿ ಚೌಕ ಖಾಲಿ ಬಿಟ್ಟರು. ಅದೇ ವಾರ ಜ್ವರ ಬಂದು ಆಕೆ ತೀರಿಹೋದರು. ಆಕೆಯ ಫೋಟೋ ಒಂದೂ ಇರಲಿಲ್ಲ.

ಆ ಸಿನಿಮಾ ಮಡಿಕೇರಿಗೆ ಬಂದಾಗ ಭಾನುವಾರದ ಮ್ಯಾಟಿನಿಗೆ ನನ್ನನ್ನು ಕರೆದುಕೊಂಡು ಹೋದರು. ನಾಲ್ಕು ಭಾನುವಾರ ಎಂದು ನೆನಪು, ಎರಡೇ ಇರಬಹುದು. ಕಥೆ ಅವರಿಗೆ ಬೇಡ. ಕಾಡು, ತೊರೆ, ತೋಟ ಬಂದಾಗ ಮಾತ್ರ ಅವರ ಉಸಿರು ನಿಧಾನವಾಗುತ್ತಿತ್ತು. “ಅಲ್ಲಿ ಇನ್ನೂ ಅದೇ ಮಳೆ, ಮಾರಾಯ. ಒಂದು ಎಲೆಯೂ ಉದುರಲಿಲ್ಲ.” ಅಂಥ ನೆಮ್ಮದಿಯನ್ನು ಬದುಕಿರುವವರ ಮುಖದಲ್ಲಿ ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಕೂರಲು ಹೆದರಿಕೆಯಾಗುತ್ತಿತ್ತು.

ಕೊನೆಯ ಸಲ ಅವರು ಪರದೆಯ ಕಡೆಗೆ ಹೆಂಡತಿಯ ಹೆಸರು ಕೂಗಿದರು, ಹಾಜರಿಯ ಸ್ವರದಲ್ಲೇ. ಮುಂದಿನ ಸಾಲಿನವರು ನಕ್ಕರು.

“ತಿರುಗಿದ್ಲಾ? ನನಗೆ ಬರೀ ಮಂಜು ಕಾಣ್ತದೆ.”

“ತಿರುಗಿದ್ರು, ರೈಟ್ರೇ.” ಮುದುಕರ ಸಮಾಧಾನಕ್ಕೆ ಹೇಳಿದ ಸುಳ್ಳು ಎಂದೇ ಇವತ್ತೂ ಅಂದುಕೊಳ್ಳುತ್ತೇನೆ.

“ಮುಖ ಕಂಡ್ತಾ?”

“ಕಂಡ್ತು. ಒಂದು ಕಿವಿಯಲ್ಲಿ ಓಲೆ ಇರಲಿಲ್ಲ.”

ಅವರು ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ. ಶೂಟಿಂಗಿನ ಬೆಳಿಗ್ಗೆ ಓಲೆ ತೋಟದಲ್ಲಿ ಬಿದ್ದುಹೋಗಿತ್ತು, ತಮ್ಮಿಬ್ಬರ ಹೊರತು ಯಾರಿಗೂ ಅದು ಗೊತ್ತಿರಲಿಲ್ಲ ಎಂದು ಬಸ್ಸಿನಲ್ಲಿ ಹೇಳಿದರು.

ಮುಂದಿನ ಮಳೆಗಾಲ ಅವರು ದಾಟಲಿಲ್ಲ. ಅದೇ ಸಿನಿಮಾ ಊರಿನ ಟೆಂಟಿಗೆ ಬಂದಾಗ ನಾನೊಬ್ಬನೇ ಹೋಗಿ ನೋಡಿದೆ. ಹನ್ನೆರಡು ಬೆನ್ನುಗಳು ಮಂಜಿನೊಳಗೆ ಹೋದವು. ಯಾರೂ ತಿರುಗಲಿಲ್ಲ.

ಹಾಜರಿ ಪುಸ್ತಕ ನನ್ನ ಕೈಗೆ ಬಂದಿತ್ತು. ಶೂಟಿಂಗಿನ ದಿನದ ಪುಟ ತೆಗೆದೆ. ಕೊನೆಯ ಚೌಕದಲ್ಲಿ ಹೊಸ ಶಾಯಿಯ ಗೆರೆ. ಪಕ್ಕದಲ್ಲಿ ಅವರ ನಡುಗುವ ಅಕ್ಷರ: ‘ಮುಖ ನೋಡಿದವರು’. ಅದರ ಮುಂದೆ ನನ್ನ ಹೆಸರು.

ಹೊಡೆದುಹಾಕಲು ಪೆನ್ನು ತೆಗೆದೆ. ಆಗಲಿಲ್ಲ. ಆ ಮುಖ ನನಗೆ ಚೆನ್ನಾಗಿ ನೆನಪಿದೆ.