ನೀರು ಹಚ್ಚದ ರೊಟ್ಟಿ

ಆಗ ಹುಬ್ಬಳ್ಳಿಯಲ್ಲಿ ಸಿನಿಮಾ ನೋಡುವವರು ಎರಡು ಥರ ಇದ್ದರು. ನೋಡಿ ಅಳುವವರು, ನಗುವವರು, ಸೀಟಿ ಹೊಡೆಯುವವರು ಒಂದು ಥರ, ಅಂದರೆ ನಾವು. ಇನ್ನೊಂದು ಥರದವರು ಅರವತ್ತರ ದಶಕದಲ್ಲಿ ಹುಟ್ಟಿಕೊಂಡರು. ಅವರು ಸಿನಿಮಾ ನೋಡುತ್ತಿರಲಿಲ್ಲ, ಆಸ್ವಾದಿಸುತ್ತಿದ್ದರು. ಖಾದಿ ಜುಬ್ಬಾ, ಹೆಗಲಿಗೊಂದು ಜೋಳಿಗೆ. ಚಿತ್ರ ಬಿಟ್ಟ ಮೇಲೆ ಚಹಾದ ಅಂಗಡಿ ಮುಂದೆ ಗಲ್ಲಕ್ಕೆ ಕೈ ಹಚ್ಚಿ, ಸತ್ತವರ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ಅವರದೊಂದು ಸಂಘ. ಆ ಸಂಘದ ಅಧ್ಯಕ್ಷರು ನಮ್ಮ ಮನೆಯಲ್ಲಿ ಉಣ್ಣುತ್ತಿದ್ದ ಒಬ್ಬ ಪ್ರೊಫೆಸರು.

ನಮ್ಮ ಮನೆಯೆಂದರೆ ಸ್ಟೇಶನ್ ಹತ್ತಿರದ ಅವ್ವನ ಖಾನಾವಳಿ. ಮುಂದಿನ ಕೋಣೆಯಲ್ಲಿ ಉಣ್ಣುವ ಮಂದಿ, ಹಿಂದಿನ ಕೋಣೆಯಲ್ಲಿ ಒಲೆ, ಒಲೆಯ ಮುಂದೆ ಅವ್ವ. ಮುಂಜಾನೆ ನನಗೆ ಎಚ್ಚರವಾಗುತ್ತಿದ್ದದ್ದು ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ. ಸುಟ್ಟ ಜೋಳದ ವಾಸನೆ, ಪುಂಡಿಪಲ್ಯೆಯ ಹುಳಿ, ಬೆಳ್ಳುಳ್ಳಿ ಒಗ್ಗರಣೆಯ ಘಾಟು ಎಲ್ಲ ನನ್ನ ಪುಸ್ತಕಗಳಿಗೂ ಹತ್ತಿಕೊಂಡಿತ್ತು. ಸಾಲಿಯಲ್ಲಿ ಗೆಳತಿಯರು ಅವನ್ನು ಮೂಸಿ, ಇವತ್ತು ಏನು ಪಲ್ಯೆ ಎಂದು ಹೇಳುವ ಆಟ ಆಡುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ, ಮನೆಗೆ ಬಂದು ಅವ್ವನ ಮೇಲೆ ಹರಿಹಾಯುತ್ತಿದ್ದೆ.

ಏಳನೆಯ ಇಯತ್ತೆ ಮುಗಿದ ಕೂಡಲೇ ನನ್ನನ್ನು ಧಾರವಾಡದ ಒಂದು ದೊಡ್ಡ ಹೈಸ್ಕೂಲಿಗೆ ಸೇರಿಸಲು ಪತ್ರ ಬರೆದುಕೊಡುವುದಾಗಿ ಪ್ರೊಫೆಸರು ಹೇಳಿದ್ದರು. ಅವರ ಪತ್ರವಿಲ್ಲದಿದ್ದರೆ ಖಾನಾವಳಿಯವಳ ಮಗಳಿಗೆ ಅಲ್ಲಿ ಬಾಗಿಲು ತೆರೆಯುವುದಿಲ್ಲವೆಂದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅದಕ್ಕೇ ಅವರ ತಾಟಿಗೆ ಯಾವಾಗಲೂ ಉಬ್ಬಿದ ರೊಟ್ಟಿಯೇ ಬೀಳುತ್ತಿತ್ತು.

ಆ ವರ್ಷ ಸಂಘದವರು ಒಂದು ವಾರ ಚಿತ್ರೋತ್ಸವ ಮಾಡಿದರು. ದಿನಾ ಮುಂಜಾನೆ ಹತ್ತಕ್ಕೆ ಒಂದು ಚಿತ್ರ. ಕೊನೆಯ ದಿನ ಮುಂಬೈಯ ಒಬ್ಬ ಹೆಸರಾಂತ ನಿರ್ದೇಶಕರದು, ಪರದೇಶದಲ್ಲಿ ಬಹುಮಾನ ಹೊಡೆದದ್ದು. ಅವರನ್ನೂ ಕರೆದಿದ್ದರು. ಹಾರ, ಶಾಲು, ಪೇಡೆ ಎಲ್ಲ ತಂದಿಟ್ಟ ಮೇಲೆ ಬರಲು ಆಗುವುದಿಲ್ಲವೆಂದು ತಾರು ಬಂತು. ಪೇಡೆಯನ್ನು ಸಂಘದವರೇ ತಿಂದರು.

ಆ ಚಿತ್ರಕ್ಕೆ ಪ್ರೊಫೆಸರು ನಮಗೆ ಎರಡು ಪಾಸು ತಂದರು. 'ಬರ್ರಿ ಅಕ್ಕಾರ. ಇದು ನಿಮ್ಮಂಥವರ ಕತಿ, ಬಡವರ ಕತಿ' ಎಂದರು. ಹಾಗೆನ್ನುವಾಗ ಅವರ ಬಾಯಲ್ಲಿ ಅವ್ವನ ಮೂರನೆಯ ರೊಟ್ಟಿ ಇತ್ತು.

'ಹಾಡು ಅದಾವೇನ್ರಿ ಸರ?' ಎಂದಳು ಅವ್ವ.

'ಇಲ್ರಿ.'

'ಹೊಡೆದಾಟ?'

'ಅದೂ ಇಲ್ರಿ. ಬದುಕು ಐತ್ರಿ, ಬದುಕು.'

'ಅದನ್ನ ದಿನಾ ನೋಡಾಕತ್ತೇನಲ್ರಿ' ಎಂದಳು. ಆದರೂ ಪಾಸು ಕೊಟ್ಟವರಿಗೆ ಬೇಜಾರಾಗಬಾರದೆಂದು ಒಲೆ ಆರಿಸಿ, ಇಳಕಲ್ ಸೀರೆ ಉಟ್ಟು ಹೊರಟಳು.

ಥೇಟರಿನಲ್ಲಿ ಹೆಣ್ಣುಮಕ್ಕಳ ಸಾಲು ಮುಂದೆ, ಜುಬ್ಬಾದವರು ಹಿಂದೆ. ಚಿತ್ರದಲ್ಲಿ ಗಂಡ ಬಿಟ್ಟುಹೋದ ಒಬ್ಬ ಹೆಂಗಸು, ಎರಡು ಹಸಿದ ಮಕ್ಕಳು. ಅರ್ಧ ತಾಸು ಅವಳು ಗೋಡೆ ನೋಡಿದಳು, ಇನ್ನರ್ಧ ತಾಸು ಗೋಡೆ ಅವಳನ್ನು ನೋಡಿತು. ಆಮೇಲೆ ಗಡಿಗೆಯ ತಳ ಕೆರೆದು ಕೊನೆಯ ಹಿಡಿ ಜೋಳದ ಹಿಟ್ಟು ತೆಗೆದು ರೊಟ್ಟಿ ಮಾಡಲು ಕೂತಳು. ಸಿತಾರು ಗೋಳಿಡತೊಡಗಿತು. ಹಿಂದಿನ ಸಾಲಿನಲ್ಲಿ ಕನ್ನಡಕ ತೆಗೆದು ಒರೆಸಿಕೊಳ್ಳುವುದು ಶುರುವಾಯಿತು.

ಆಗ ಅವ್ವ ನಕ್ಕಳು. ಅವ್ವನ ನಗು ಹೊಟ್ಟೆಯೊಳಗಿಂದ ಏಳುವಂಥದ್ದು. ಅದನ್ನು ಕೇಳಬೇಕೆಂದೇ ಖಾನಾವಳಿಯ ಮಂದಿ ಏನಾದರೊಂದು ಚೇಷ್ಟೆ ಮಾತು ಆಡುತ್ತಿದ್ದರು.

'ಹಿಟ್ಟಿಲ್ಲ ಹಿಟ್ಟಿಲ್ಲ ಅಂತ ಅಳಾಕತ್ತಾಳ, ಕೆಳಗ ಉದುರಿಸೂದು ನೋಡ್ರೆವಾ. ಅದರಾಗ ಇನ್ನೊಂದು ರೊಟ್ಟಿ ಆಕ್ಕಿತ್ತು.'

ಅಕ್ಕಪಕ್ಕದವರು ಕಿಸಕ್ಕೆಂದರು. ತೆರೆಯ ಮೇಲಿನವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. 'ನೀರ ಹಚ್ಚವಾ, ಮ್ಯಾಲ ನೀರ ಹಚ್ಚು' ಎಂದಳು ಅವ್ವ, ಕಲಿಯಲು ಬಂದ ಸೊಸೆಗೆ ಹೇಳುವ ಹಾಗೆ. ಅವಳು ಹಚ್ಚಲಿಲ್ಲ. ಒಣಹಿಟ್ಟಿನ ಸಮೇತ ರೊಟ್ಟಿ ಮಗುಚಿದಳು, ಹಾಗೆ ಮಾಡಿದರೆ ಬಿರಿದುಹೋಗಬೇಕಾದದ್ದು ಮರುಕ್ಷಣ ಪೂರಿಯ ಹಾಗೆ ಉಬ್ಬಿತು. ಹೆಣ್ಣುಮಕ್ಕಳ ಸಾಲು ಪೂರ್ತಿ ನಕ್ಕಿತು. ಅಲ್ಲಿ ದಿನಾ ರೊಟ್ಟಿ ಬಡಿಯದ ಹೆಂಗಸು ಒಬ್ಬಳೂ ಇರಲಿಲ್ಲ.

ಹಿಂದಿನಿಂದ ಶ್ ಶ್ ಎಂದು ಹಾವು ಹೊರಟಂಥ ಸಪ್ಪಳ. ನಾನು ಅವ್ವನ ತೋಳು ಚಿವುಟಿದೆ. 'ಸುಮ್ಮಕಿರ ಅವ್ವಾ.' ಅವಳು ಬಾಯಿಗೆ ಸೆರಗು ತುರುಕಿಕೊಂಡು, ಭುಜ ಕುಣಿಸುತ್ತ ಕೂತಳು.

ದೀಪ ಹತ್ತಿದಾಗ ಕೊನೆಯ ಸಾಲಿನಲ್ಲಿ ದಪ್ಪ ಚೌಕಟ್ಟಿನ ಕನ್ನಡಕದ ಎತ್ತರದ ಮನುಷ್ಯರೊಬ್ಬರು ಎದ್ದು ನಿಂತರು. ಆ ವಾರ ಪತ್ರಿಕೆಯಲ್ಲಿ ಬಂದಿದ್ದ ನಿರ್ದೇಶಕರ ಫೋಟೋದ ಅದೇ ಮುಖ. ಬರುವುದಿಲ್ಲವೆಂದವರು ಯಾರಿಗೂ ಹೇಳದೆ ಬಂದು ಕತ್ತಲಲ್ಲಿ ಕೂತಿದ್ದರು. ಪ್ರೊಫೆಸರು ಧೋತರದ ಚುಂಗು ಹಿಡಿದು ಓಡಿದರು. ಎಲ್ಲಿಂದಲೋ ಆ ಬಾಡಿದ ಹಾರವೂ ಬಂತು.

ಹೊರಗೆ ಅವ್ವ ನನಗೆ ಮಿರ್ಚಿ ಭಜಿ ಕೊಡಿಸಲು ಗೇಟಿನ ಗಾಡಿಯ ಹತ್ತಿರ ಹೋದಳು. ನಾನು ದೊಡ್ಡವರನ್ನು ನೋಡುವ ಆಸೆಗೆ ಪ್ರೊಫೆಸರ ಮಗ್ಗುಲಲ್ಲಿ ನಿಂತೆ. ನಿರ್ದೇಶಕರು, ನಕ್ಕ ಹೆಂಗಸು ಯಾರು, ಯಾಕೆ ನಕ್ಕಳು ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಪ್ರೊಫೆಸರು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಅದರಲ್ಲಿ 'ಅನ್‌ಎಜುಕೇಟೆಡ್' ಎಂಬ ಒಂದು ಶಬ್ದ ನನಗೆ ಗೊತ್ತಿತ್ತು.

ಅಷ್ಟರಲ್ಲಿ ನಿರ್ದೇಶಕರು ನನ್ನನ್ನು ನೋಡಿದರು. ನೀನು ಅವಳ ಪಕ್ಕ ಕೂತಿದ್ದೆಯಲ್ಲ, ನಿನಗೇನಾಗಬೇಕು ಅವಳು ಎಂದು ಹಿಂದಿಯಲ್ಲೇ ಕೇಳಿದರು.

ಪ್ರೊಫೆಸರು ನನ್ನ ಮುಖವನ್ನೇ ನೋಡುತ್ತಿದ್ದರು. ಪತ್ರ ಇನ್ನೂ ಬರೆದಿರಲಿಲ್ಲ.

'ಹಮಾರೇ ಘರ್ ಮೇಂ ಖಾನಾ ಪಕಾತೀ ಹೈ' ಎಂದೆ. ನಮ್ಮ ಮನೆಯಲ್ಲಿ ಅಡುಗೆ ಮಾಡುತ್ತಾಳೆ.

ಸುಳ್ಳಲ್ಲ. ಒಂದು ಅಕ್ಷರವೂ ಸುಳ್ಳಲ್ಲ. ಪ್ರೊಫೆಸರು ನನ್ನ ತಲೆ ನೇವರಿಸಿದರು. ನಿರ್ದೇಶಕರು 'ಅಚ್ಛಾ' ಎಂದು ಕಾರು ಹತ್ತಿದರು. ಬಡವರ ಬದುಕು ಅರಿಯಲು ಊರೂರು ಅಲೆದವರೆಂದು ಪತ್ರಿಕೆಯಲ್ಲಿ ಬರೆದಿತ್ತು. ಮಿರ್ಚಿ ಗಾಡಿಗೆ ಅಲ್ಲಿಂದ ಹತ್ತು ಹೆಜ್ಜೆ. ಅಷ್ಟು ನಡೆದು ಅವ್ವನನ್ನೇ ಕೇಳಿದ್ದರೆ ಅವರ ಮುಂದಿನ ಚಿತ್ರದ ರೊಟ್ಟಿಯಾದರೂ ಸರಿಯಾಗುತ್ತಿತ್ತು. ನನಗೆ ಅವರ ಬಗ್ಗೆ ಇವತ್ತಿಗೂ ತಾತ್ಸಾರವೇ. ಪ್ರೊಫೆಸರ ಬಗ್ಗೆ ಅದಕ್ಕಿಂತ ಹೆಚ್ಚು, ಏಕೆಂದರೆ ಅವರಿಗೆ ಎಲ್ಲ ಗೊತ್ತಿತ್ತು.

ತಿರುಗಿ ನೋಡಿದರೆ ಅವ್ವ ಮಿರ್ಚಿಯ ಪೊಟ್ಟಣ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ರೈಲ್ವೆಯ ಮಂದಿಗೆ ಉಣ್ಣಲು ಬಡಿಸಿ ಬಡಿಸಿ ಅವಳಿಗೆ ನನಗಿಂತ ಚೆನ್ನಾಗಿ ಹಿಂದಿ ಬರುತ್ತಿತ್ತು. ಪೊಟ್ಟಣ ನನ್ನ ಕೈಗಿಟ್ಟು ಮನೆಯ ಕಡೆ ನಡೆದಳು. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ, 'ಖರೇನ ಹೇಳಿದಿ ಬಿಡು. ಅಡಗಿ ಮಾಡಾಕೀನ ನಾ' ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

ಪ್ರೊಫೆಸರು ಪತ್ರ ಬರೆದುಕೊಟ್ಟರು. ನಾನು ಕಲಿತೆ, ಕಾಲೇಜಿನಲ್ಲಿ ಕಲಿಸುವವಳಾದೆ, ಗಲ್ಲಕ್ಕೆ ಕೈ ಹಚ್ಚಿ ಸಿನಿಮಾದ ಬಗ್ಗೆ ಮೆಲ್ಲಗೆ ಮಾತಾಡುವುದನ್ನೂ ಕಲಿತೆ. ಆ ಥೇಟರು ಕೆಡವಿದ ಜಾಗದಲ್ಲಿ ಬಟ್ಟೆ ಅಂಗಡಿಗಳಾಗಿವೆ. ಸಂಘ ಯಾವಾಗ ಮುಚ್ಚಿತೋ ಸಂಘದವರಿಗೇ ನೆನಪಿಲ್ಲ. ಅವು ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಹೋದದ್ದರಲ್ಲಿ ನನಗೆ ಬೇಕಾಗಿದ್ದದ್ದು ಅವ್ವನ ಆ ನಗು ಒಂದೇ. ಆ ದಿನದ ಮೇಲೆ ಅವಳು ನಾಲ್ಕು ಜನರ ನಡುವೆ ಹಾಗೆ ನಕ್ಕದ್ದನ್ನು ನಾನು ಕೇಳಲಿಲ್ಲ.

ಅವ್ವ ತೀರಿಕೊಳ್ಳುವ ಎರಡು ವರ್ಷ ಮೊದಲು, ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಅದೇ ಚಿತ್ರ ಬಂತು. ಖಾನಾವಳಿ ಮುಚ್ಚಿ ಅವಳು ನನ್ನ ಮನೆಯಲ್ಲೇ ಇದ್ದಳು. ನಮ್ಮ ಕಾಲೇಜಿನಲ್ಲಿ ಕಲಿಸುವ ನಾಲ್ಕು ಮಂದಿ ಬಂದು ಕೂತಿದ್ದರು. ಗಡಿಗೆ ಕೆರೆದದ್ದಾಯಿತು, ಸಿತಾರು ಶುರುವಾಯಿತು, ರೊಟ್ಟಿ ಹಂಚಿಗೆ ಬಿತ್ತು. ಅವ್ವ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು.

'ಈಗ ನಗಲೇನ?'

ಹೂಂ ಅನ್ನುವ ಮೊದಲು ನಾನು ಬಂದವರ ಮುಖ ನೋಡಿದೆ. ಅದನ್ನು ಅವ್ವ ನೋಡಿದಳು.

'ಚಾ ಇಡತೇನಿ' ಎಂದು ಎದ್ದು ಒಳಗೆ ಹೋದಳು.